ಹೊಂಡದ ತಳ

೧೪ ಏಪ್ರಿಲ್ ೨೦೦೩, ಸೋಮವಾರ

ನೈವೇದ್ಯದ ಅನ್ನ ಇವತ್ತೂ ಅರ್ಧ ಉಳಿಯಿತು. ಗುಡಿಯ ಹೊಂಡದಲ್ಲಿ ಮೊಣಕಾಲುದ್ದ ನೀರೂ ಇಲ್ಲ, ಬರೀ ರಾಡಿ. ಮೆಟ್ಟಿಲ ಮೇಲೆ ಕೂತು "ಬನ್ರೇ" ಅಂದೆ. ನಾಲ್ಕೈದು ಆಮೆ ಬಂದವು. ಮುಕ್ಕಿ ಬರಲಿಲ್ಲ. ಚಿಪ್ಪಿನ ಅಂಚು ಮುಕ್ಕಾಗಿದೆ, ಅದಕ್ಕೇ ಆ ಹೆಸರು. ಮದುವೆಯಾಗಿ ಭದ್ರಾವತಿಗೆ ಬಂದಾಗಿನಿಂದ ನನ್ನ ಕೈತುತ್ತು ತಿಂದವಳು. ಎಲ್ಲಿ ಹಾಳಾಗಿ ಹೋದಳೋ.

ಇವರಿಗೆ ಹೇಳಿದೆ. ಪೂಜೆ, ಪಂಚಾಂಗ ಬಿಟ್ಟರೆ ಇವರಿಗೆ ಲೋಕವೇ ಇಲ್ಲ. "ಹಸಿವಾದ್ರೆ ಬರುತ್ತೆ ಬಿಡೇ" ಅಂದರು.

೧೯ ಏಪ್ರಿಲ್

ಗುಡಿಯಲ್ಲಿ ಕಮಿಟಿ ಮೀಟಿಂಗ್. ಅಧ್ಯಕ್ಷ ಗಂಗಾಧರಪ್ಪ ಹೊಂಡ ಒಣಗಿಸಿ ತಳಕ್ಕೆ ಕಾಂಕ್ರೀಟ್ ಹಾಕಿಸುತ್ತಾನಂತೆ. ಮೇಲೆ ಟೈಲ್ಸ್, ನಡುವೆ ಕಾರಂಜಿ. ಕೆಸರೂ ಇರಲ್ಲ, ವಾಸನೆಯೂ ಇರಲ್ಲ ಅಂತ ಎಲ್ಲರೂ ತಲೆಯಾಡಿಸಿದರು. ಮುಹೂರ್ತ ಅಕ್ಷಯ ತದಿಗೆಗೆ, ಮೇ ನಾಲ್ಕು. ದಿನ ಇಟ್ಟುಕೊಟ್ಟವರು ಯಾರು? ನಮ್ಮ ಯಜಮಾನರೇ!

"ಆಮೆಗಳು?" ಅಂದೆ.

"ಹೊಳೆಗೆ ಬಿಟ್ರಾಯ್ತಲ್ಲಮ್ಮ." ಎಷ್ಟು ಸಲೀಸು ಇವನಿಗೆ.

೨೩ ಏಪ್ರಿಲ್

ಇಲ್ಲೇ ಹೊಳೆಗೆ ಬಿಟ್ಟರೆ ಸಂಜೆಗೆ ಯಾರದೋ ಮನೆಯ ಸಾರಿಗೆ ಬೀಳುತ್ತವೆ. ಹಾಲೇಶನ ಆಟೋ ಕರೆಸಿದೆ. ಬಕೆಟ್ಟು, ಒದ್ದೆ ಗೋಣಿಚೀಲ, ಹಿಡಿದ ಆಮೆಗಳು, ನಾನು. ಸಕ್ರೆಬೈಲಿನ ಹಿನ್ನೀರಿನ ಕಡೆ ಹೊರಟೆವು. ದಾರಿಯಲ್ಲಿ ಗೋಪಾಳದಲ್ಲಿರುವ ನನ್ನ ತಂಗಿ ಶರಾವತಿ ಮನೆಯಲ್ಲಿ ಕಾಫಿ. "ನೀನು ಒಳಗ್ ಬಾ, ಅವನ್ನ ಅಡುಗೆಮನೆಗೆ ಮಾತ್ರ ತರ್ಬೇಡ ಮಾರಾಯ್ತಿ!" ಅಂದಳು. ನಗು ಬಂತು.

ಹಿನ್ನೀರಿನ ಅಂಚಿನಲ್ಲಿ ಬಿಟ್ಟೆ. ಸರಸರ ಹೋದವು. ಒಂದೂ ತಿರುಗಿ ನೋಡಲಿಲ್ಲ. ಅತ್ತುಬಿಟ್ಟೆ. ಹಾಲೇಶ ಕಂಡೂ ಕಾಣದ ಹಾಗೆ ಬೀಡಿ ಹಚ್ಚಿದ.

ಮುಕ್ಕಿ ಇನ್ನೂ ಸಿಕ್ಕಿಲ್ಲ.

೨೯ ಏಪ್ರಿಲ್

ಹೊಂಡ ಪೂರ್ತಿ ಒಣಗಿದೆ. ಹೂಳು ತೆಗೆಯುತ್ತಿದ್ದಾರೆ. ಕೂಲಿಗೆ ಬಂದ ಹುಲಿಗೆಮ್ಮ ಒಂದು ಮಣ್ಣಿನ ಹೆಂಟೆ ಎತ್ತಿದವಳು ಕೂಗಿದಳು — "ಅಮ್ಮಾರೇ, ಇದು ಅಲ್ಲಾಡ್ತೈತೆ!"

ತೊಳೆದೆ. ಆಮೆ. ನಿದ್ದೆಗಣ್ಣು ಬಿಟ್ಟಿತು. ಬಕೆಟ್ಟಿನ ನೀರಿಗೆ ಬಿಟ್ಟೆ. ನೀರು ಬತ್ತಿದಾಗ ಇವು ಎಲ್ಲೂ ಹೋಗುವುದಿಲ್ಲ, ಕೆಳಗೆ ಮಣ್ಣಿನಲ್ಲಿ ಹೂತುಕೊಂಡು ಮಲಗುತ್ತವೆ! ಮಳೆ ಬಿದ್ದ ಮೇಲೆ ಏಳುತ್ತವೆ. ಮುಕ್ಕಿಯೂ ಅಲ್ಲೇ ಇದ್ದಾಳೆ. ನಾನು ಎಂಥ ದಡ್ಡಿ!

ಇನ್ನೂ ಆಳಕ್ಕೆ ಅಗೆದರೆ ಮೆಟ್ಟಿಲು ಕುಸಿಯುತ್ತೆ ಅಂದ ಮೇಸ್ತ್ರಿ. ಗಂಗಾಧರಪ್ಪನ ಮನೆಗೇ ಹೋದೆ. ಮಳೆ ಬರುವವರೆಗೆ ತಡೆಯಿರಿ ಅಂತ ಕೈ ಮುಗಿದೆ.

"ನಿಮ್ಮನೆಯವ್ರು ಇಟ್ಟ ಮುಹೂರ್ತ ಅಮ್ಮ, ನಾನ್ ಹ್ಯಾಗೆ ತಪ್ಪಿಸ್ಲಿ? ಭಟ್ರು ಬಂದು ಆ ದಿನ ಬೇಡ ಅನ್ಲಿ, ನಾಳೇನೇ ನಿಲ್ಲಿಸ್ತೀನಿ."

ಒಂದು ಮಾತು. ಇವರ ಬಾಯಿಂದ ಒಂದೇ ಒಂದು ಮಾತು.

೩೦ ಏಪ್ರಿಲ್

"ದಿನ ಸರಿಯಿಲ್ಲ ಅನ್ನಿ, ಸಾಕು."

"ಅಕ್ಷಯ ತದಿಗೆಗೆ ದೋಷ ಇದೆ ಅನ್ಲಾ? ಅಪ್ಪಯ್ಯನ ಕಾಲದಿಂದ ಜನ ನಮ್ಮ ಮಾತು ನಂಬಿ ಮನೆ ಕಟ್ಟಿದಾರೆ, ಮದುವೆ ಮಾಡಿದಾರೆ. ಸುಳ್ಳು ಮುಹೂರ್ತ ನನ್ನ ಬಾಯಲ್ಲಿ ಬರಲ್ಲ ಕಣೇ."

"ಜೀವ ಹೋಗುತ್ತಲ್ರೀ!"

"ಇದೆ ಅಂತ ಕಂಡವರ್ಯಾರು? ಒಂದು ಸಿಕ್ತು ಅಂತ…"

"ಆ ಪಂಚಾಂಗಾನೇ ತಲೆದಿಂಬು ಮಾಡ್ಕೊಂಡು ಮಲಗಿ" ಅಂದೆ. ಅನ್ನಬಾರದಿತ್ತು. ಅಂದೆ. ಇಬ್ಬರೂ ಊಟ ಮಾಡಲಿಲ್ಲ.

೪ ಮೇ, ಭಾನುವಾರ

ಹೋಗಲಿಲ್ಲ. ಮಿಕ್ಸರ್ ಸದ್ದು ಅಡುಗೆಮನೆಗೇ ಕೇಳುತ್ತಿತ್ತು. ಮೊದಲ ಬಾಂಡ್ಲಿ ಕಾಂಕ್ರೀಟನ್ನು ಇವರ ಕೈಯಿಂದಲೇ ಹಾಕಿಸಿದರಂತೆ. ಪಂಚೆಯ ಅಂಚಿಗೆಲ್ಲ ಸಿಮೆಂಟು. ನಾನಂತೂ ಒಗೆಯುವುದಿಲ್ಲ.

೫ ಮೇ

ಪಂಚೆ ಬಚ್ಚಲಲ್ಲೇ ಬಿದ್ದಿದೆ.

೧೭ ಮೇ

ಬಿಸಿಲು ಸುಡುತ್ತಿದೆ. ಊಟಕ್ಕೆ ಕೂತವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು — "ಅದು ಅಲ್ಲಿ ಇರ್ಲಿಲ್ಲ ಅಲ್ವೇನೇ?"

ಇರಲಿಲ್ಲ ಅಂದಿದ್ದರೆ ನೆಮ್ಮದಿಯಾಗಿ ಉಣ್ಣುತ್ತಿದ್ದರು. ನನಗೂ ಸುಳ್ಳು ಬಾಯಲ್ಲಿ ಬರಲಿಲ್ಲ. ಮಜ್ಜಿಗೆ ಬಡಿಸಿದೆ.

೨೨ ಮೇ, ಬೆಳಿಗ್ಗೆ ಹತ್ತು ಗಂಟೆ

ನಿನ್ನೆ ಸಂಜೆ ಮೊದಲ ದೊಡ್ಡ ಮಳೆ. ಬೆಳಿಗ್ಗೆ ಇವರು ಗುಡಿಗೆ ಹೋದರು. ಎಷ್ಟು ಹೊತ್ತಾದರೂ ಗಂಟೆ ಸದ್ದಿಲ್ಲ. ಗಾಬರಿಯಾಗಿ ಹೋದೆ. ಹೊಂಡದ ಮೂಲೆಯಲ್ಲಿ, ಮಡಿಪಂಚೆ ಎತ್ತಿ ಕಟ್ಟಿ, ಹಾರೆ ಹಿಡಿದು ನಿಂತಿದ್ದರು. ಅಂಗೈಯೆಲ್ಲ ರಕ್ತ.

"ಮಳೆ ಬಂತಲ್ಲ, ಎದ್ದಿರ್ತಾವೆ" ಅಂದರು. ತಲೆ ಎತ್ತಲಿಲ್ಲ.

ಆ ಮೂಲೆಯಲ್ಲಿ ಕಾಂಕ್ರೀಟ್ ತೆಳು. ಮೆಟ್ಟಿಲ ಸಂದಿಯಿಂದ ನೀರಿಳಿದು ಕೆಳಗಿನ ಮಣ್ಣು ಮೆತ್ತಗಾಗಿತ್ತು. ತಟ್ಟೆಯಗಲದ ಒಂದು ತುಂಡು ಎದ್ದು ಬಂತು. ಅದರಡಿಗೇ ಆಮೆ. ಕತ್ತು ಪೂರ್ತಿ ಮೇಲಕ್ಕೆ ಚಾಚಿ, ಮೂಗನ್ನು ಸಿಮೆಂಟಿಗೆ ಒತ್ತಿಕೊಂಡು… ತಣ್ಣಗಿತ್ತು.

ಸೆರಗಿನಿಂದ ಮಣ್ಣು ಒರೆಸಿದೆ. ಚಿಪ್ಪಿನ ಅಂಚಿನ ಸುತ್ತ ಬೆರಳಾಡಿಸಿದೆ. ಮುಕ್ಕಾಗಿಲ್ಲ. ಇದು ಮುಕ್ಕಿ ಅಲ್ಲ. ಇನ್ನೂ ಚಿಕ್ಕದು, ನಾನು ಯಾವತ್ತೂ ನೋಡೇ ಇರದ ಆಮೆ.

ಇವರು ಅದನ್ನು ನೋಡಿದರು. ಆಮೇಲೆ ಆ ಕಡೆ ಮೆಟ್ಟಿಲವರೆಗೂ ಹರಡಿದ ಸಿಮೆಂಟು ನೋಡಿದರು. "ಹಾಗಾದ್ರೆ ಕೆಳಗೆ ಎಷ್ಟಿವೆ, ಸತ್ಯಾ?" ಅಂದವರು ಅಲ್ಲೇ ಕುಸಿದು ಅತ್ತರು. ಮಾವನವರು ಹೋದಾಗಲೂ ಹೀಗೆ ಅತ್ತವರಲ್ಲ. ಬೈಯಬೇಕು ಅಂದುಕೊಂಡು ಎಷ್ಟೆಲ್ಲ ಕೂಡಿಟ್ಟಿದ್ದೆ, ಒಂದೂ ನೆನಪಾಗಲಿಲ್ಲ. ಬೆನ್ನು ಸವರಿದೆ. ಎದ್ದರು. ಎರಡು ಮಾರು ಆಚೆ ಹೋಗಿ ಮತ್ತೆ ಹಾರೆ ಎತ್ತಿದರು.

ಬಕೆಟ್ಟು ತರಲು ಮನೆಗೆ ಬಂದೆ. ನಲ್ಲಿಯಡಿ ಇಟ್ಟೆ, ನೀರು ಸಣ್ಣಗೆ ಬರುತ್ತಿದೆ. ಅದು ತುಂಬುವಷ್ಟರಲ್ಲಿ ಇಷ್ಟು ಬರೆದೆ.

ಹೊರಗೆ ಗಂಗಾಧರಪ್ಪನ ಕೂಗು — "ಭಟ್ರೇ, ಹುಚ್ಚು ಹಿಡೀತೇನ್ರೀ ನಿಮ್ಗೆ! ಹಿಡ್ಕೊಳ್ರೋ ಅವ್ರನ್ನ!" ಹಾರೆಯ ಸದ್ದು ಇನ್ನೂ ಕೇಳುತ್ತಿದೆ. ಇವರೊಬ್ಬರೇ ಅಲ್ಲಿ. ಹೋಗಬೇಕು, ಅಟ್ಟದ ಮೇಲೆ ಇನ್ನೊಂದು ಹಾರೆ ಇ—