ತೊಟ್ಟಿಮನೆಯ ಲ್ಯಾಟಿನ್ ಪಾಠ

ಹುಣಸೂರು
ಶ್ರಾವಣ ಶುದ್ಧ ಪಂಚಮಿ, ೧೯೩೪

ಸಾಲಿಗ್ರಾಮದಲ್ಲಿರುವ ಅಣ್ಣನವರ ಪಾದಕ್ಕೆ ತಂಗಿ ನಾಗರತ್ನಳ ನಮಸ್ಕಾರಗಳು.

ನಾನು ಕ್ಷೇಮ. ಇವರು ಸಂಜೆ ಕೋರ್ಟಿನಿಂದ ಬಂದ ಮೇಲೆ ವರ್ಷದಿಂದ ನನಗೆ ಲ್ಯಾಟಿನ್ ಕಲಿಸುತ್ತಿದ್ದಾರೆ. ಮದರಾಸಿನಲ್ಲಿ ಇವರು ಓದಿದ ಪುಸ್ತಕವನ್ನೇ ಪಾಠಕ್ಕೆ ಇಟ್ಟುಕೊಂಡಿದ್ದಾರೆ. ರೋಮನರ ಮನೆಯೂ ನಮ್ಮ ತೊಟ್ಟಿಮನೆಯ ಹಾಗೇ ಇತ್ತಂತೆ. ನಡುವಿನ ಹಜಾರಕ್ಕೆ ಆಟ್ರಿಯಮ್ ಎಂದು ಹೆಸರು. ಮಾಡಿನ ನಡುವೆ ಆಕಾಶ ಕಾಣುತ್ತದೆ, ಮಳೆನೀರು ಒಳಗಿನ ಕೊಳಕ್ಕೆ ಬೀಳುತ್ತದೆ. ಬೀದಿಯ ಕಡೆಗೆ ಕಿಟಕಿಗಳಿರಲಿಲ್ಲವಂತೆ. ಬಾಗಿಲಿಗೆ ಯಾನುವ, ಮನೆಯೊಡತಿಗೆ ದೊಮಿನ ಎನ್ನುತ್ತಾರೆ. ಇವರು ಈಗ ನನ್ನನ್ನು ದೊಮಿನ ಎಂದೇ ಕರೆಯುವುದು. 'ಮನೆಯೊಡತಿ ಬಾಗಿಲು ತೆರೆಯುತ್ತಾಳೆ' ಎಂಬ ವಾಕ್ಯವನ್ನು ನಿನ್ನೆ ತಪ್ಪಿಲ್ಲದೆ ಬರೆದೆ. ನಮ್ಮಲ್ಲಿ ಬೀಗದ ಕೈ ಇವರ ಜೊತೆ ಕೋರ್ಟಿಗೆ ಹೋಗುತ್ತದೆ. ಊರಿನಲ್ಲಿ ಕಳ್ಳರ ಭಯವಂತೆ.

ಹೋದ ವರ್ಷ ನಮ್ಮ ಆಳು ನಂಜಯ್ಯ ಗೌರಿ ಬಾಗಿನ ತಂದಾಗ ನಾನು ಪಾಠಕ್ಕೆ ಕುಳಿತಿದ್ದೆ. "ಅಕ್ಕೋರ ಮೊಕ ಒಂದ್ಸಲ ನೋಡ್ಕಂಡು ಓಯ್ತೀನಿ ಬುದ್ದೀ" ಎಂದು ಅವನು ಬಾಗಿಲಲ್ಲಿ ಇವರನ್ನು ಕೇಳಿಕೊಂಡದ್ದು ತೊಟ್ಟಿಯವರೆಗೂ ಕೇಳಿಸಿತು. ಪಾಠ ಮುಗಿಯುವಷ್ಟರಲ್ಲಿ ಹೊರಟುಹೋಗಿದ್ದ.

ಈ ಸಲ ಬಾಗಿನವನ್ನು ಆಳಿನ ಕೈಯಲ್ಲಿ ಕಳಿಸಬೇಡಿ. ನೀವೇ ಬನ್ನಿ, ಅಮ್ಮನನ್ನೂ ಕರೆತನ್ನಿ. ಹಬ್ಬಕ್ಕೆ ಮಗಳನ್ನು ಕರೆಯಲು ತಾಯಿಯೇ ಬಾಗಿಲಿಗೆ ಬಂದು ನಿಂತರೆ ಊರಿನಲ್ಲಿ ಮರ್ಯಾದಸ್ಥರಾದ ಇವರು ಇಲ್ಲವೆನ್ನುವವರಲ್ಲ. ಕಮಾನು ಗಾಡಿಯನ್ನೇ ಹೂಡಿಸಿ, ಮೂವರು ಕೂರುವಷ್ಟು ಜಾಗವಿರಲಿ.

ಈ ಕಾಗದವನ್ನು ಇವರೇ ಓದಿ ಅಂಚೆಗೆ ಹಾಕುತ್ತಾರೆ. ನೀವು ಬರುವುದು ಇವರಿಗೂ ತಿಳಿದಿರುತ್ತದೆ, ಆದ್ದರಿಂದ ಉತ್ತರ ಬರೆಯುವ ಶ್ರಮ ಬೇಡ, ಬಂದುಬಿಡಿ. ಬಂದಾಗ ಅಮ್ಮ ಬೀದಿಯಲ್ಲಿ ನಿಂತು ನನ್ನ ಹೆಸರು ಹಿಡಿದು ಜೋರಾಗಿ ಕೂಗಲಿ. ತೊಟ್ಟಿಗೆ ಚೆನ್ನಾಗಿ ಕೇಳಿಸುತ್ತದೆ.

ನಿಮ್ಮ ತಂಗಿ
ನಾಗರತ್ನ