ನಿಮ್ಮ ನಮೂನೆಯಲ್ಲಿ ಹೆದರಿಕೆಗೊಂದು ಸಾಲಿಲ್ಲ

ನಗರ ಸಾರಿಗೆಯ ಶಿಸ್ತು ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ ಮಧ್ಯಾಹ್ನ, ರೈಲ್ವೆ ಕೆಳಸೇತುವೆಯಲ್ಲಿ ನಿಂತುಹೋದ ಟ್ರಾಮಿನಲ್ಲಿ ನಾನು ಕುಡಿದಿರಲಿಲ್ಲ. ಕುಡಿದಿದ್ದೆ ಎನ್ನುತ್ತದೆ ನಿಮ್ಮ ವರದಿ. "ಅಮಲೇರಿದ ಪ್ರಯಾಣಿಕನೊಬ್ಬನ ಸಲುವಾಗಿ ವಿನಾಕಾರಣ ವಾಹನವನ್ನು ತಡೆದು ನಿಲ್ಲಿಸಿದ್ದಾರೆ" ಎಂಬ ಆರೋಪ ಹೊರಿಸಿ, ಹದಿನಾಲ್ಕು ವರ್ಷ ಟ್ರಾಮ್ ಓಡಿಸಿದ ಸಾಫ್ತಾ ಎಂಬ ಚಾಲಕಿಯನ್ನು ನೀವು ಡಿಪೋದಲ್ಲಿ ಬೋಗಿಗಳ ನೆಲ ಒರೆಸುವ ಕೆಲಸಕ್ಕೆ ಹಾಕಿದ್ದೀರಿ. ಆ ಪ್ರಯಾಣಿಕ ನಾನೇ. ನಿಮ್ಮ ಕಚೇರಿಯ ಕಿಟಕಿಗೆ ಮೂರು ಸಲ ಬಂದು ನಿಜ ಹೇಳಿದೆ. ಕಿಟಕಿಗೆ ಗಾಜಿತ್ತು, ಗಾಜಿಗೊಂದು ತೂತಿತ್ತು, ತೂತಿನಾಚೆ ಕಿವಿ ಇದ್ದಂತೆ ತೋರಲಿಲ್ಲ. ಹಾಗಾಗಿ ನಾಲ್ಕನೆಯ ಸಲ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಸ್ವಂತ ತಂಗಿಗೂ ಹೇಳದೆ ಮುಚ್ಚಿಟ್ಟ ಸಂಗತಿಯನ್ನು ಇಡೀ ಊರಿನ ಮುಂದೆ ಬಿಚ್ಚಬೇಕಾಗಿ ಬಂದದ್ದು ನಿಮ್ಮ ಕೃಪೆ.

ನಾನು ಡ್ಯಾನ್ಯೂಬ್ ದಂಡೆಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವನು. ನೆಲದಿಂದ ನಲವತ್ತು ಮೀಟರ್ ಮೇಲೆ, ಗಾಜಿನ ಗೂಡಿನಲ್ಲಿ, ಕಾಲ ಕೆಳಗೆ ಗಾಳಿ ಬಿಟ್ಟರೆ ಏನೂ ಇಲ್ಲದ ಜಾಗದಲ್ಲಿ ಕೂತು ಬ್ರೆಡ್ಡು, ಈರುಳ್ಳಿ, ಚೀಸು ತಿಂದಿದ್ದೇನೆ. ಜನವರಿಯ ಬಿರುಗಾಳಿಗೆ ಗೂಡು ತೊಟ್ಟಿಲಿನಂತೆ ತೂಗುವಾಗ ಹಾಡಿಕೊಂಡಿದ್ದೇನೆ. ಕಾರ್ಖಾನೆ ಮುಚ್ಚಿತು. ಅದಾದ ಎರಡು ವರ್ಷಕ್ಕೆ ಹೆಂಡತಿ ಬೇರೆಯಾದಳು. ಜಗಳವೇನೂ ಇರಲಿಲ್ಲ, ಮಾತು ಮುಗಿದಿತ್ತು, ಅಷ್ಟೆ. ಈಗ ನಾಲ್ಕನೆಯ ಮಹಡಿಯ ಮನೆಯಲ್ಲಿ ನಾನೊಬ್ಬನೇ. ಬೆಳಗ್ಗೆ ರೇಡಿಯೊ ಹಾಕುತ್ತೇನೆ, ರಾತ್ರಿ ಆರಿಸುತ್ತೇನೆ. ನಡುವೆ ಒಂದು ಗೋದಾಮಿನಲ್ಲಿ ಅರ್ಧ ದಿನ ಸಾಮಾನು ಎಣಿಸಿ ಬರುತ್ತೇನೆ.

ಹೋದ ವರ್ಷ ವಸಂತದಲ್ಲಿ, ಟ್ರಾಮಿನ ನೂಕುನುಗ್ಗಲಿನಲ್ಲಿ ನಿಂತಿದ್ದಾಗ, ಯಾವ ಕಾರಣವೂ ಇಲ್ಲದೆ ನಾನು ಸಾಯಲು ಶುರುಮಾಡಿದೆ. ಇದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿಲ್ಲ. ಎದೆಯೊಳಗೆ ಯಾರೋ ಬಾಗಿಲು ಗುದ್ದಿದ ಹಾಗೆ. ಉಸಿರು ಒಳಗೆ ಹೋಗುತ್ತದೆ, ಆದರೆ ಸಾಲುವುದಿಲ್ಲ. ಬೆರಳುಗಳು ಜೋಮು ಹಿಡಿಯುತ್ತವೆ, ಜನರ ಮಾತು ನೀರಿನಡಿಯಿಂದ ಕೇಳುತ್ತದೆ. ಆಸ್ಪತ್ರೆಗೆ ಓಡಿದೆ. ಹೃದಯ ಗಟ್ಟಿಯಾಗಿದೆ ಎಂದು ಮನೆಗೆ ಕಳಿಸಿದರು. ತಿಂಗಳ ಮೇಲೆ ಮತ್ತೆ ಓಡಿದೆ, ಮತ್ತೆ ಅದೇ ಮಾತು. ಕೊನೆಗೆ ಒಬ್ಬ ವೈದ್ಯೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಎದುರು ಕೂರಿಸಿಕೊಂಡು ಹೇಳಿದಳು: "ನೀವು ಸಾಯಲ್ಲ. ಸಾಯ್ತೀನಿ ಅನ್ಸುತ್ತೆ, ಅಷ್ಟೇ." ಆ 'ಅಷ್ಟೇ'ಯನ್ನು ಹೊತ್ತು ಮನೆಗೆ ಬರಲು ನನಗೆ ಎರಡು ಗಂಟೆ ಹಿಡಿಯಿತು, ಏಕೆಂದರೆ ನಡೆದೇ ಬಂದೆ. ಆಮೇಲೆ ಒಂದು ವರ್ಷ ಟ್ರಾಮ್ ಹತ್ತಲಿಲ್ಲ. ಹಳೆಯ ಮಾರುಕಟ್ಟೆಯ ಹಿಂದಿನ ಕಟ್ಟೆಯಲ್ಲಿ ಗುರುವಾರ ಗುರುವಾರ ನಮ್ಮ ಕಾರ್ಖಾನೆಯವರು ಸೇರಿ ದಾಳದಾಟ ಆಡುತ್ತಾರೆ. ಅಲ್ಲಿಗೆ ಹೋಗುವುದನ್ನು ಬಿಟ್ಟೆ. ಕೇಳಿದವರಿಗೆ ಮೊಣಕಾಲು ಎಂದೆ. ನಮ್ಮಲ್ಲಿ ಮೊಣಕಾಲಿಗೆ ಮರ್ಯಾದೆಯಿದೆ, ಮಾನ್ಯರೇ. ಗಂಡಸಿನ ಹೆದರಿಕೆಗೆ ಇಲ್ಲ.

ವೈದ್ಯೆ ಒಂದು ಪಾಠ ಕೊಟ್ಟಿದ್ದಳು, ಈ ಬೇಸಿಗೆಯ ಕೊನೆಗೆ ಅದನ್ನು ಶುರುಮಾಡಿದೆ. ವಾರಕ್ಕೊಂದು ನಿಲ್ದಾಣ. ಮೊದಲ ವಾರ ಒಂದು ನಿಲ್ದಾಣ ಹೋಗಿ ಇಳಿಯುವುದು, ಎರಡನೆಯ ವಾರ ಎರಡು. ಹೆದರಿಕೆ ಬಂದರೆ ಓಡಬಾರದು, ಅದು ಏರಿ ಇಳಿಯುವ ತನಕ ಕೂತಿರಬೇಕು. ಐವತ್ತೆರಡು ವರ್ಷದ ಗಂಡಸು ಒಂದು ನಿಲ್ದಾಣಕ್ಕೆಂದು ಟ್ರಾಮ್ ಹತ್ತಿ, ಬೆವರಿ, ಇಳಿದು, ಬಸ್ಕಿ ಹೊಡೆದವನ ಹಾಗೆ ಏದುಸಿರು ಬಿಡುತ್ತಾ ಬೆಂಚಿನಲ್ಲಿ ಕೂರುವುದನ್ನು ನಿಮ್ಮ ಕ್ಯಾಮೆರಾಗಳು ಆರು ವಾರ ನೋಡಿರಬೇಕು. ಏಳನೆಯ ನಿಲ್ದಾಣ ಕೆಳಸೇತುವೆಯ ಆಚೆಗೆ. ಅದನ್ನೂ ದಾಟಿಬಿಟ್ಟರೆ ಮಾರುಕಟ್ಟೆ ಕಣ್ಣಳತೆಯಲ್ಲಿ.

ಆ ಗುರುವಾರ ಹತ್ತಿದೆ. ಜನ ಬಹಳ ಇದ್ದರು. ಚಳಿಗಾಲಕ್ಕೆಂದು ಎಲೆಕೋಸನ್ನು ಉಪ್ಪುನೀರಿನಲ್ಲಿ ಹುಳಿ ಹಾಕಿಡುವ ಕಾಲ, ಅರ್ಧ ಜನರ ಕಾಲಡಿಯಲ್ಲಿ ಕೋಸಿನ ಮೂಟೆ. ಕೆಳಸೇತುವೆಯ ನಟ್ಟನಡುವೆ ವಿದ್ಯುತ್ ಹೋಯಿತು. ದೀಪ ಆರಿತು, ಟ್ರಾಮ್ ನಿಂತಿತು, ಮೇಲೆ ಗೂಡ್ಸ್ ರೈಲು ಹೋಗತೊಡಗಿತು. ಒಂದು ನಿಮಿಷ ತಡೆದುಕೊಂಡೆ. ಎರಡನೆಯ ನಿಮಿಷಕ್ಕೆ ನಾನು ನಾನಾಗಿರಲಿಲ್ಲ. ಮೂಟೆಗಳ ಮೇಲೆ ಎಡವಿಕೊಂಡು ಮುಂದಕ್ಕೆ ಹೋಗಿ ಬಾಗಿಲು ಬಡಿದೆ.

"ತೆಗೀರಿ! ಬಾಗ್ಲು ತೆಗೀರಿ!"

"ಏಯ್, ಕೋಸು ತುಳೀಬೇಡ್ರೀ!" ಎಂದಳು ಒಬ್ಬ ಹೆಂಗಸು.

ತೊಗಲಿನ ಕೋಟು ಹಾಕಿದ್ದ ಒಬ್ಬ ಮಹಾಶಯ ಎಲ್ಲರಿಗೂ ಕೇಳುವಂತೆ ನಕ್ಕ. "ಮಧ್ಯಾಹ್ನಕ್ಕೇ ಏರ್ಸಿದಾನೆ ನೋಡ್ರಪ್ಪ. ಕಾಲ್ ನಿಲ್ತಿಲ್ಲ!"

ಇನ್ನೂ ಕೆಲವರು ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇನ್ನೊಬ್ಬನಿಗೆ ಹೀಗಾಗಿದ್ದರೆ ನಾನೂ ನಗುತ್ತಿದ್ದೆನೇನೋ. ಆದರೆ ಅರವತ್ತು ಜನ ಮೈಗೆ ಮೈ ತಾಗಿಸಿಕೊಂಡು ನಿಂತಿರುವಲ್ಲಿ ಒಬ್ಬನೇ ಸಾಯುವುದು ಎಂದರೇನು ಎಂಬುದು ನಿಮಗೆ ಗೊತ್ತೇ? ನಲವತ್ತು ಮೀಟರ್ ಮೇಲೆ ಒಬ್ಬನೇ ಇದ್ದಾಗಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಚಾಲಕಿ ತನ್ನ ಗೂಡಿನಿಂದ ಇಳಿದು ಬಂದಳು. ನಲವತ್ತರ ಆಸುಪಾಸಿನ, ಕತ್ತು ಗಿಡ್ಡ, ದನಿ ದೊಡ್ಡದಿದ್ದ ಹೆಂಗಸು. ನನ್ನ ಮುಖ ನೋಡಿದಳು, ಹತ್ತಿರ ಬಂದು ಮೂಸಿಯೂ ನೋಡಿದಳು. ಇದನ್ನು ಗಮನಿಸಿ. ನಾನು ಕುಡಿದಿದ್ದೇನೆಯೇ ಎಂದು ಪರೀಕ್ಷೆ ಮಾಡಿದ ಏಕೈಕ ವ್ಯಕ್ತಿ ನೀವು ಶಿಕ್ಷಿಸಿದ ಆ ಹೆಂಗಸು.

"ಅಣ್ಣಾ, ಎದೆ ನೋವಾ? ಹೆದರ್ಕೆನಾ?"

ಹಾಗೆ ಯಾರೂ ನನ್ನನ್ನು ಕೇಳಿರಲಿಲ್ಲ. "ಹೆದರ್ಕೆ" ಎಂದೆ. ಆ ಪದ ನನ್ನ ಬಾಯಿಂದ ಗಟ್ಟಿಯಾಗಿ ಹೊರಬಿದ್ದದ್ದು ಅದೇ ಮೊದಲು.

"ಸರಿ. ಅದಕ್ಕೇನಂತೆ. ಬನ್ನಿ, ಇಲ್ಲಿ ಕೂತ್ಕೊಳ್ಳಿ." ಕೈಯಿಂದಲೇ ಮುಂಬಾಗಿಲು ಸರಿಸಿ, ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು. ಕೆಳಸೇತುವೆಯ ತಂಪು ಗಾಳಿ ಮುಖಕ್ಕೆ ಬಡಿಯಿತು. "ಏನ್ ಕೆಲ್ಸ ಮಾಡ್ತೀರಿ?"

"ಕ್ರೇನ್... ಕ್ರೇನ್ ನಡೆಸ್ತಿದ್ದೆ."

"ಅಯ್ಯೋ, ಅಷ್ಟು ದೊಡ್ದು ಹೇಗಪ್ಪಾ ಎತ್ತೋದು? ಹೇಳಿ ನಂಗೆ. ಮೊದ್ಲಿಂದ ಹೇಳಿ."

ಹಲ್ಲು ಕಟಕಟ ಎನ್ನುತ್ತಿದ್ದರೂ ಹೇಳತೊಡಗಿದೆ. ಮೊದಲು ಗಾಳಿ ನೋಡಬೇಕು. ಆಮೇಲೆ ಹಗ್ಗದ ಸಡಿಲ ತೆಗೆಯಬೇಕು. ಆಮೇಲೆ ಭಾರವನ್ನು ಒಂದು ಗೇಣು ಎತ್ತಿ, ನಿಲ್ಲಿಸಿ, ಕಾಯಬೇಕು.

"ಯಾಕೆ ಕಾಯೋದು?"

"ತೂಗಾಡ್ತಿರುತ್ತೆ. ತೂಗಾಟ ನಿಲ್ಲೋ ತನಕ ಮುಟ್ಟಬಾರ್ದು. ಬಲವಂತ ಮಾಡಿದ್ರೆ ಇನ್ನೂ ಜೋರಾಗುತ್ತೆ."

"ಎಷ್ಟೊತ್ತಾಗುತ್ತೆ ನಿಲ್ಲಕ್ಕೆ?"

"ಅದರ ಪಾಡಿಗೆ ಅದು ನಿಲ್ಲುತ್ತೆ."

"ಹಾಂ. ಹಂಗಾದ್ರೆ ಕಾಯೋಣ" ಎಂದು ತನ್ನ ಭುಜವನ್ನು ನನ್ನ ಭುಜಕ್ಕೆ ಒತ್ತಿ ಕೂತಳು.

ನಾಲ್ಕನೆಯ ನಿಮಿಷಕ್ಕೆ ವಿದ್ಯುತ್ ಬಂತು. ನಿಮ್ಮ ಆರೋಪವಿರುವುದು ಅಲ್ಲಿಂದಾಚೆಗೆ. ಆಕೆ ಏಳಲಿಲ್ಲ. ತೊಗಲಿನ ಕೋಟಿನವನು ಗಡಿಯಾರ ತಟ್ಟಿ ತೋರಿಸಿದ. "ಏನಮ್ಮಾ, ಕುಡುಕನ ಜೊತೆ ಕೂತು ಹರಟೆ ಹೊಡೆಯಕ್ಕಾ ನಿಂಗೆ ಸಂಬಳ ಕೊಡೋದು?"

ಆಕೆ ತಿರುಗಿಯೂ ನೋಡಲಿಲ್ಲ. "ಕಾಲಿದೆಯಲ್ಲ ಸ್ವಾಮಿ, ಬಾಗ್ಲೂ ತೆಗ್ದಿದೆ. ನಡ್ಕೊಂಡ್ ಹೋಗಿ. ಈ ಅಣ್ಣ ಎದ್ದು ನಿಂತ ಮೇಲೇನೇ ನನ್ ಗಾಡಿ ಹೊರಡೋದು."

ಇನ್ನೂ ಏಳು ನಿಮಿಷ ಹಿಡಿಯಿತು. ಬೆರಳುಗಳಿಗೆ ರಕ್ತ ವಾಪಸು ಬಂತು. ಎದ್ದೆ. ಕೋಸಿನ ಮೂಟೆಯ ಹೆಂಗಸು ಎದ್ದು ತನ್ನ ಸೀಟು ಬಿಟ್ಟುಕೊಟ್ಟಳು. ಅಂದು ನಾನು ಏಳನೆಯ ನಿಲ್ದಾಣದಲ್ಲಿ ಇಳಿಯಲಿಲ್ಲ, ಮಾರುಕಟ್ಟೆಯ ತನಕ ಹೋದೆ. ದಾಳದಾಟದ ಕಟ್ಟೆಯಲ್ಲಿ ಗೆಳೆಯ ತೊಆದೆರ್ ಕಣ್ಣರಳಿಸಿದ. "ಓಹೋ, ಪೊಂಪಿ! ಬದ್ಕಿದೀಯೇನೋ? ಹೇಗಿದೆ ನಿನ್ ಮೊಣಕಾಲು?" ವಾಸಿಯಾಯಿತು ಎಂದೆ. ಇಷ್ಟು ದೂರ ಬಂದವನಿಗೂ ನಿಜ ಹೇಳಲು ಬಾಯಿ ಬರಲಿಲ್ಲ. ಎರಡಾಟ ಆಡಿ, ಎರಡೂ ಸೋತು, ಮನೆಗೆ ಬಂದೆ. ಸಂತೋಷ ಹಂಚಿಕೊಳ್ಳಲು ಯಾರೂ ಇರಲಿಲ್ಲ, ರೇಡಿಯೊ ದನಿ ಸ್ವಲ್ಪ ಜೋರು ಮಾಡಿದೆ.

ಎರಡು ವಾರದ ಮೇಲೆ ಒಂದು ಚೀಲ ಅಕ್ರೋಟು ಹಿಡಿದುಕೊಂಡು ಆಕೆಗೆ ಕೃತಜ್ಞತೆ ಹೇಳಲು ಡಿಪೋಗೆ ಹೋದೆ. ಸಾಫ್ತಾ ಬಕೆಟ್ಟಿನ ಪಕ್ಕ ಮಂಡಿಯೂರಿ, ಒಂದು ಬೋಗಿಯ ನೆಲ ಉಜ್ಜುತ್ತಿದ್ದಳು. ತೊಗಲಿನ ಕೋಟು ದೂರು ಬರೆದಿತ್ತು. ಅಲ್ಲಿಂದ ನೇರ ನಿಮ್ಮ ಕಿಟಕಿಗೆ ಬಂದೆ. ಅಲ್ಲಿದ್ದ ಗುಮಾಸ್ತರು ಕೆಟ್ಟವರಲ್ಲ, ಒಂದು ಮುದ್ರಿತ ನಮೂನೆಯನ್ನು ತೂತಿನ ಕಡೆ ತಿರುಗಿಸಿ ತೋರಿಸಿದರು. ವಾಹನ ನಿಲ್ಲಿಸಲು ಒಪ್ಪಿತ ಕಾರಣಗಳು: ಹೃದಯಾಘಾತ, ಮೂರ್ಛೆ, ರಕ್ತಸ್ರಾವ, ಹೆರಿಗೆ. ಒಪ್ಪದ ಕಾರಣ: ಅಮಲು.

"ಇದರಲ್ಲಿ ಯಾವ್ದು ನಿಮ್ದು?" ಎಂದರು.

"ಯಾವ್ದೂ ಅಲ್ಲ. ನಂಗೆ ಹೆದರಿಕೆಯಾಗಿತ್ತು."

"ಹೆದರಿಕೆ ಅಂತ ಸಾಲಿಲ್ಲ ಯಜಮಾನ್ರೇ." ದನಿ ತಗ್ಗಿಸಿದರು. "ಹೃದಯ ಅಂತ ಒಂದು ಸರ್ಟಿಫಿಕೇಟ್ ತನ್ನಿ. ಆಯಮ್ಮ ನಾಳೆನೇ ಗಾಡಿ ಹತ್ತಬೋದು. ನಿಮ್ ಮಾನಾನೂ ಉಳಿಯುತ್ತೆ. ಯಾಕೆ ಸುಮ್ನೆ?"

ಮಾನ್ಯರೇ, ಎರಡು ದಿನ ಯೋಚಿಸಿದೆ. ಅಂಥ ಕಾಗದ ಬರೆದುಕೊಡುವವರು ಊರಿನಲ್ಲಿ ಇದ್ದಾರೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅಂಥ ಕಾಗದ ತರಲೋ, ಪತ್ರಿಕೆಗೆ ನಿಜ ಬರೆಯಲೋ ಎಂದು ಸಾಫ್ತಾಳನ್ನೇ ಕೇಳಿದೆ. ಆಕೆ ಒದ್ದೆ ಬಟ್ಟೆ ಹಿಂಡುತ್ತಾ ಹೇಳಿದಳು: "ಅಣ್ಣಾ, ನಿಮ್ಗೆ ಹೇಗೆ ಸುಲಭವೋ ಹಾಗೆ ಮಾಡಿ. ಹೃದಯ ಅಂದ್ರೂ ಸರಿ. ಆದ್ರೆ ಪೇಪರ್‌ಗೆಲ್ಲ ಬರೀಬೇಡಿ, ಜನ ಆಡ್ಕೋತಾರೆ ನಿಮ್ಮನ್ನ." ಗಾಡಿ ಕಳೆದುಕೊಂಡು ನೆಲ ಒರೆಸುತ್ತಿರುವವಳು ನನ್ನ ಮರ್ಯಾದೆಯ ಚಿಂತೆ ಮಾಡುತ್ತಿದ್ದಳು. ಆಗ ನಿರ್ಧರಿಸಿದೆ. ಹೃದಯವೆಂದು ಸುಳ್ಳು ಬರೆದರೆ ಆಕೆ ಅಂದು ಕಣ್ಣಾರೆ ಕಂಡು ಕೇಳಿದ ಪ್ರಶ್ನೆಯೇ ಸುಳ್ಳಾಗುತ್ತದೆ. ನಾಳೆ ಇನ್ನೊಬ್ಬ ಚಾಲಕ, ಇನ್ನೊಬ್ಬ ಬೆವರಿದ ಪ್ರಯಾಣಿಕನನ್ನು ನೋಡಿ, ನಿಮ್ಮ ನಮೂನೆಯನ್ನು ನೆನೆದು, ಗೂಡಿನಿಂದ ಇಳಿಯದೇ ಇರಬಹುದು. ಅದಕ್ಕೆ ನೀವು ಹೊಣೆಯಾದರೆ ನಾನೂ ಪಾಲುದಾರ.

ನಿಮ್ಮ ಗಾಡಿಗಳಲ್ಲಿ ಬೆಂಕಿ ನಂದಿಸುವ ಯಂತ್ರವಿದೆ, ಗಾಜು ಒಡೆಯುವ ಸುತ್ತಿಗೆಯಿದೆ, ಸುತ್ತಿಗೆಯನ್ನು ಕದಿಯಬಾರದೆಂಬ ಫಲಕವೂ ಇದೆ. ಇಷ್ಟೆಲ್ಲ ಮುಂದಾಲೋಚನೆಯಿರುವ ಇಲಾಖೆಗೆ ಮನುಷ್ಯ ಹೆದರುತ್ತಾನೆಂಬುದು ಹೊಳೆಯದೇ ಹೋದದ್ದು ಹೇಗೆ? ಅಥವಾ ನಿಮ್ಮಲ್ಲಿ ಯಾರಿಗೂ ಎಂದೂ ಹೆದರಿಕೆಯೇ ಆಗಿಲ್ಲವೇ? ಆಗಿದ್ದರೆ ನೀವು ಯಾವ ಸಾಲಿನಲ್ಲಿ ಗುರುತು ಹಾಕಿದಿರಿ?

ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ ಸಾಫ್ತಾಳ ವಿಚಾರಣೆ. ನನ್ನ ಬೇಡಿಕೆ ಇಷ್ಟು: ಆಕೆಯನ್ನು ಅದೇ ದಾರಿಯ ಅದೇ ಟ್ರಾಮಿಗೆ ಮರಳಿ ಕಳಿಸಬೇಕು, ವರದಿಯಿಂದ 'ಅಮಲೇರಿದ' ಎಂಬುದನ್ನು ಹೊಡೆದುಹಾಕಬೇಕು, ಆ ನಮೂನೆಯಲ್ಲಿ ಒಂದು ಸಾಲು ಹೆಚ್ಚಿಸಬೇಕು. ಸಾಲಿಗೆ ಲ್ಯಾಟಿನ್ ಹೆಸರೇನೂ ಬೇಡ. ಹೆದರಿಕೆ ಎಂದೇ ಅಚ್ಚು ಹಾಕಿಸಿ, ಎಲ್ಲರಿಗೂ ಅರ್ಥವಾಗುತ್ತದೆ. ಸಾಕ್ಷಿ ಬೇಕಿದ್ದರೆ ನಾನು ಬರುತ್ತೇನೆ. ಆಕೆ ಬೇಡವೆಂದರೂ ಬರುತ್ತೇನೆ. ನಿಮ್ಮ ಎದುರು ನಿಂತಾಗ ನನಗೆ ಬೆವರು ಕಿತ್ತುಕೊಂಡು ಬರಬಹುದು, ಮಾತು ನಡುವೆ ನಿಲ್ಲಬಹುದು. ಆಗ ದಯವಿಟ್ಟು ಯಾರೂ ನೀರು ತರಲು ಓಡಬೇಡಿ, ಕಿಟಕಿ ತೆಗೆಯಬೇಡಿ. ಸುಮ್ಮನೆ ಕೂತಿರಿ. ಅದು ಇಳಿದ ಮೇಲೆ ಉಳಿದದ್ದನ್ನು ಹೇಳುತ್ತೇನೆ.

ಇಂತಿ,
ಈ ಪತ್ರ ಅಚ್ಚಾದ ಬೆಳಗ್ಗೆ ಬ್ರೆಡ್ಡಿನ ಅಂಗಡಿಯ ಸರದಿಯಲ್ಲಿ ಎಲ್ಲಿ ಮುಖವಿಟ್ಟುಕೊಳ್ಳುವುದೆಂದು ಇನ್ನೂ ತಿಳಿಯದಿರುವ,
ಪೊಂಪಿಲಿಯು ಕೊಸ್ತಾಕೆ