ಹಿಟ್ಟು ನಾದುವಾಗ ಹೇಳೋ ಹೆಸರುಗಳು

ರೀ,

ಟೊಕ್ಮೊಕ್ ಆಸ್ಪತ್ರೆಗೆ ಹೊರಟೆ. ಮಗಳು ಜಿಬೆಕ್ ಜೊತೆಗಿದ್ದಾಳೆ, ನೀವು ಹಿಂದೆಯೇ ಓಡಿ ಬರಬೇಡಿ. ಕಣ್ಣಿನ ಆಪರೇಷನ್ನು ಅಷ್ಟೇ, ನಾಳೆ ಸಂಜೆ ಮನೇಲಿರ್ತೀನಿ.

ಇವತ್ತು ಸಂಜೆ ನಮ್ಮನೆ ಪ್ರಾರ್ಥನೆಗೆ ಬರೋರಿಗೆ ಸಾರು-ಶಾವಿಗೆಯ ಲಗ್ಮಾನ್ ಆಗಲೇಬೇಕು. ಮಾಂಸದ ಸಾರು ಮಾಡಿಟ್ಟಿದ್ದೀನಿ. ಶಾವಿಗೆ ಎಳೆಯೋಕೆ ಪಕ್ಕದ್ಮನೆ ಗುಲ್ಸಾರ ಬರ್ತಾಳೆ, ಹಿಟ್ಟು ಮಾತ್ರ ನೀವೇ ನಾದಬೇಕು.

ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡಿ. ನಾನು ಒಬ್ಬೊಬ್ಬರ ಹೆಸರು ಹೇಳಿ ಯೇಸುವಿಗೆ ಒಪ್ಪಿಸ್ತಾ ನಾದ್ತೀನಿ. ಎಲ್ಲರ ಹೆಸರೂ ಮುಗಿಯೋ ಹೊತ್ತಿಗೆ ಹಿಟ್ಟು ಹದಕ್ಕೆ ಬಂದಿರುತ್ತೆ. ಸಭೆಯಲ್ಲಿ ಎದ್ದು ನಿಂತು ಮಾಡ್ತೀರಲ್ಲ, ಆ ಉದ್ದುದ್ದ ಪ್ರಾರ್ಥನೆ ಇಲ್ಲಿ ಬೇಡ. ಹಿಟ್ಟು ಒಣಗಿಹೋಗುತ್ತೆ!

ಮೊದಲು ಗುಲ್ಸಾರ. ನನ್ನ ದೊಡ್ಡ ಕಡಾಯಿ ಇಸ್ಕೊಂಡು ಹೋಗಿ ತಳ ಸುಟ್ಟು ತಂದಿಟ್ಟಳಲ್ಲ, ಅದಕ್ಕೇ ಮೊದಲು. ಕೋಪ ಇರುವಾಗ ಗುದ್ದೋಕೆ ಬಲ ಬರುತ್ತೆ, ಗುದ್ದಿ ಗುದ್ದಿ ಕೋಪಾನೂ ಇಳಿಯುತ್ತೆ.

ಆಮೇಲೆ ಅಳಿಯ ಮಕ್ಸಾತ್. ಪ್ರಾರ್ಥನೆ ಅಂದ್ರೆ ಮೂಗು ಮುರೀತಾನೆ, ಲಗ್ಮಾನ್ ಅಂದ್ರೆ ಓಡಿ ಬರ್ತಾನೆ. ಬರಲಿ ಬಿಡಿ, ಊಟದ ಹೊತ್ತಲ್ಲಿ ಉಪದೇಶ ಶುರು ಮಾಡಬೇಡಿ.

ಆಮೇಲೆ ಜಿಬೆಕ್ ಹೊಟ್ಟೇಲಿರೋ ಕೂಸು. ಇಲ್ಲಿ ಮೆಲ್ಲಗೆ ನಾದಿ.

ನನ್ನ ಹೆಸರು ನಾನು ಯಾವತ್ತೂ ಹೇಳಿಕೊಂಡಿಲ್ಲ. ಅಷ್ಟರಲ್ಲಿ ಹಿಟ್ಟು ಹದವಾಗಿಬಿಟ್ಟಿರುತ್ತೆ. ಇವತ್ತು ಹದ ಬಂದಮೇಲೂ ಇನ್ನೊಂದು ಸ್ವಲ್ಪ ನಾದಿ, ರೀ.